ಮೂರನೇ ಚಿತ್ರ

ಲೈಟ್ ಹತ್ತಿಕೊಂಡಿತು. ಕ್ಲಾಸಿನಲ್ಲಿ ಊಟದ ನಂತರ ದಿನವೂ ಮಾಡುವ ನಿದ್ದೆ ಮುಗಿದು, ಡೆಸ್ಕುಗಳ ಮೇಲೆ ಮಲಗಿದ್ದ ತಲೆಗಳು ಒಂದೊಂದಾಗಿ ಎದ್ದವು. ಎಲ್ಲರ ಕೆನ್ನೆಯ ಮೇಲೂ ಅಂಗಿತೋಳಿನ ಮಡಿಕೆ ಕೆಂಪಗೆ ಅಚ್ಚಾಗಿತ್ತು.

ವಾನ್‌ಟಿಂಗ್ ಕಣ್ಣುಜ್ಜುವ ಮೊದಲೇ ಕಿಟಕಿಕಟ್ಟೆಯ ಮೇಲಿದ್ದ ತನ್ನ ಡಬ್ಬಿಯ ಕಡೆ ನೋಡಿದಳು. ಮುಚ್ಚಳ ಓರೆಯಾಗಿ ಪಕ್ಕಕ್ಕೆ ಬಿದ್ದಿತ್ತು. ಒಳಗೆ ಹಿಪ್ಪುನೇರಳೆ ಎಲೆಯ ಮೇಲೆ ಸಣ್ಣ ರೇಷ್ಮೆಹುಳುಗಳೆಲ್ಲ ಇದ್ದವು. ದೊಡ್ಡಣ್ಣ ಮಾತ್ರ ಇರಲಿಲ್ಲ.

ಈ ತಿಂಗಳು ಇಡೀ ಕ್ಲಾಸೇ ಹುಳು ಸಾಕುತ್ತಿತ್ತು. ಆದರೆ ದೊಡ್ಡಣ್ಣನಷ್ಟು ಉದ್ದ, ಅಷ್ಟು ದಪ್ಪ ಹುಳು ಯಾರ ಡಬ್ಬಿಯಲ್ಲೂ ಇರಲಿಲ್ಲ. ನಿನ್ನೆಯಿಂದ ಮಾತ್ರ ಅವನು ಎಲೆಗೆ ಬಾಯಿ ಹಾಕಿರಲಿಲ್ಲ. ಮೈ ಬೇರೆ ಹಳದಿಯಾಗಿತ್ತು.

ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಪೇಶಾನ್ ಅವನನ್ನೇ ಕೇಳಿದ್ದಳು. ಅವಳು ವಾನ್‌ಟಿಂಗ್‌ಗೆ ಒಂದನೇ ಕ್ಲಾಸಿನಿಂದ ಗೆಳತಿ, ಪಕ್ಕದ ಡೆಸ್ಕಿನವಳು. ಇವತ್ತೊಂದಿನ ದೊಡ್ಡಣ್ಣನನ್ನು ಕೊಡು, ನಮ್ಮಜ್ಜಿಗೆ ತೋರಿಸಿ ತರುತ್ತೇನೆ, ಅಜ್ಜಿಗೆ ಹುಳುಗಳ ವಿಷಯ ಎಲ್ಲಾ ಗೊತ್ತು ಅಂದಿದ್ದಳು. ಹುಳು ಅವಳ ಮನೆಗೆ ಹೋದರೆ ತಿರುಗಿ ಬರುತ್ತದೆಯೇ? ವಾನ್‌ಟಿಂಗ್ ಆಗುವುದಿಲ್ಲ ಅಂದಿದ್ದಳು.

"ಇಟ್ಕೋ. ನೀನೇ ಇಟ್ಕೋ," ಅಂದು ಪೇಶಾನ್ ಮುಖ ತಿರುಗಿಸಿಕೊಂಡಿದ್ದಳು. ಆಮೇಲೆ ಮಾತೇ ಇಲ್ಲ.

ವಾನ್‌ಟಿಂಗ್ ಈಗ ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದಳು. ಪೇಶಾನ್ ಹಿಂದಕ್ಕೆ ತಿರುಗಿ, ಕುರ್ಚಿಗೆ ತೂಗುಹಾಕಿದ ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದಳು. ಅವಳ ಕೆನ್ನೆ ನುಣ್ಣಗಿತ್ತು. ಒಂದೇ ಒಂದು ಗೆರೆ ಇರಲಿಲ್ಲ.

ಮಲಗಿದ್ದರೆ ತಾನೇ ಗೆರೆ ಬೀಳುವುದು!

ವಾನ್‌ಟಿಂಗ್ ಎದ್ದು, ಸುಮ್ಮನೆ ಎಂಬಂತೆ ಅವಳ ಡಬ್ಬಿಯ ಹತ್ತಿರ ಹೋಗಿ ಬಗ್ಗಿದಳು. ಪೇಶಾನ್ ಪಟ್ಟನೆ ಮುಚ್ಚಳ ಒತ್ತಿ, ಡಬ್ಬಿಯನ್ನು ಡೆಸ್ಕಿನೊಳಗೆ ತಳ್ಳಿ, ಬೋರ್ಡ್ ಒರೆಸಲು ಹೊರಟುಹೋದಳು. ಇನ್ನೇನು ಬೇಕು?

ಸ್ಪೀಕರಿನಲ್ಲಿ, ಮಕ್ಕಳೆಲ್ಲ ಸೇರಿ ಕ್ಲಾಸು ಗುಡಿಸಿ ಒರೆಸುವ ಹೊತ್ತಿನ ಹಾಡು ಶುರುವಾಯಿತು. ಇದು ಮುಗಿಯುತ್ತಲೂ ಲಿಯಾವ್ ಟೀಚರ್ ಬರುತ್ತಾರೆ. ಅವರಿಗೆ ಹೇಳಿಬಿಟ್ಟರೆ ಎಲ್ಲರ ಮುಂದೆ ಪೇಶಾನ್ ಡಬ್ಬಿ ತೆಗೆಯಬೇಕಾಗುತ್ತದೆ. ಆಮೇಲೆ ಅವಳ ಜೊತೆ ಬಸ್ಸಿಗೆ ಹೋಗುವುದು ಹೇಗೆ ಅನ್ನಿಸಿತು. ಹೋಗದಿದ್ದರೇನು, ಕಳ್ಳಿಯ ಜೊತೆ ಯಾರು ಹೋಗುತ್ತಾರೆ ಅಂತಲೂ ಅನ್ನಿಸಿತು.

ಸುಮ್ಮನೆ ದೂರು ಹೇಳಿದರೆ ಟೀಚರ್ ನಂಬುವುದಿಲ್ಲ. ಬೆಳಿಗ್ಗೆ ಭಾಷೆಯ ಪೀರಿಯಡ್ಡಿನಲ್ಲಿ ಕ್ರಮ ತಪ್ಪಿಸಿದ ಚಿತ್ರಗಳನ್ನು ಕೊಟ್ಟು, ಯಾವುದು ಮೊದಲು, ಯಾವುದು ಆಮೇಲೆ ಎಂದು ನಂಬರ್ ಹಾಕಿಸಿ ಕತೆ ಹೇಳಿಸಿದ್ದರು. ಉಳಿದ ಖಾಲಿ ಕಾರ್ಡುಗಳು ವಾನ್‌ಟಿಂಗ್‌ಳ ಬ್ಯಾಗಿನಲ್ಲೇ ಇದ್ದವು. ಕಿಟಕಿ ಒರೆಸುವ ತನ್ನ ಕೆಲಸವನ್ನು ಬಿಟ್ಟು ಅವಳು ಕಳ್ಳತನದ ಕತೆಯನ್ನು ಹಾಗೇ ಚಿತ್ರಗಳಲ್ಲಿ ಬರೆಯಲು ಕೂತಳು.

ಒಂದು: ಊಟದ ಹೊತ್ತು. ಡಬ್ಬಿಯಲ್ಲಿ ದೊಡ್ಡಣ್ಣ ಇದ್ದಾನೆ, ಕಿಟಕಿಯಾಚೆ ಬಿಸಿಲು.

ಎರಡು: ನಿದ್ದೆ. ಪರದೆ ಮುಚ್ಚಿದೆ, ಎಲ್ಲರ ತಲೆಯೂ ಕೆಳಗೆ.

ಮೂರು: ಪೇಶಾನ್‌ಳ ಜುಟ್ಟು, ಡಬ್ಬಿಯೊಳಗೆ ಅವಳ ಕೈ.

ನಾಲ್ಕು: ದೊಡ್ಡಣ್ಣ ಇಲ್ಲದ ಡಬ್ಬಿ.

"ಜುಟ್ಟು ಚೆನ್ನಾಗಿ ಬಂದಿದೆ," ಎಂದಿತು ಹಿಂದಿನಿಂದ ಒಂದು ದನಿ. ಹಿಂದಿನ ಡೆಸ್ಕಿನ ಯುನ್‌ಶೀ ಪೊರಕೆಗೆ ಗದ್ದ ಊರಿಕೊಂಡು ನೋಡುತ್ತಿದ್ದಳು. ಎಲ್ಲದರಲ್ಲೂ ಮೂಗು ತೂರಿಸುವವಳು ಅವಳು. "ಮೂರನೇದು ನೀನು ನೋಡಿದ್ಯಾ?"

"ನೋಡೋದೇನು, ಗೊತ್ತಾಗುತ್ತೆ."

"ನೋಡಿದ್ಯಾ ಅಂತ ಕೇಳಿದ್ದು."

"ನನ್ನ ಕಣ್ಣು ಮುಚ್ಚಿತ್ತಲ್ಲ."

"ಓಹೋ. ಕಣ್ಣು ಮುಚ್ಕೊಂಡೇ ಇಷ್ಟು ಚಂದ ಬರೆದ್ಯಾ?" ಯುನ್‌ಶೀ ಕಾರ್ಡುಗಳನ್ನು ಎಳೆದುಕೊಂಡು ಮತ್ತೆ ಮತ್ತೆ ನೋಡಿದಳು. "ಒಂದರಲ್ಲಿ ಬಿಸಿಲು. ಎರಡರಲ್ಲಿ ಪರದೆ ಮುಚ್ಚಿದೆ. ಮುಚ್ಚಿದ್ದು ಯಾರು? ಆ ಚಿತ್ರ ಎಲ್ಲಿ?"

"ನಾನೇ ಮುಚ್ಚಿದ್ದು. ದಿನಾ ನಾನೇ ಅಲ್ವಾ?"

"ಮತ್ತೆ ಅದನ್ನ ಬರಿ. ಮಧ್ಯದ್ದು ನುಂಗಿದ್ರೆ ಟೀಚರ್ ಬಿಡ್ತಾರಾ?" ಎಂದು ಹೇಳಿ ಯುನ್‌ಶೀ ಗುಡಿಸುತ್ತ ಮುಂದೆ ಹೋದಳು.

ವಾನ್‌ಟಿಂಗ್ ಬೇಸರದಿಂದಲೇ ಇನ್ನೊಂದು ಕಾರ್ಡು ತೆಗೆದಳು. ಕಿಟಕಿ ಬರೆದಳು, ಪರದೆ ಬರೆದಳು, ಪರದೆ ಎಳೆಯುವ ತನ್ನ ಬಲಗೈ ಬರೆದಳು. ಎಡಗೈಗೆ ಏನು ಬರೆಯುವುದು? ಆಗ ಎಡಗೈಯಲ್ಲಿ ಏನೋ ಇತ್ತು.

ಮುಚ್ಚಳ.

ದೊಡ್ಡಣ್ಣ ಈಗಲಾದರೂ ಎಲೆ ಕಚ್ಚುತ್ತಾನೋ ಎಂದು ತೆಗೆದು ನೋಡುತ್ತಿದ್ದಳು. ಆಗಲೇ ಬೆಲ್ ಹೊಡೆಯಿತು. ಪರದೆ ಎಳೆದಳು, ತಲೆ ಇಟ್ಟಳು. ಮುಚ್ಚಳವನ್ನು ಹಾಕಿದಳೇ? ದಿನವೂ ಹಾಕುತ್ತಾಳೆ. ಇವತ್ತು? ಪೆನ್ಸಿಲ್ ಅಲ್ಲೇ ನಿಂತಿತು. ಎಷ್ಟು ನೆನೆಸಿಕೊಂಡರೂ ಮುಚ್ಚಳ ಡಬ್ಬಿಯ ಮೇಲೆ ಕೂರಲಿಲ್ಲ. ಪಕ್ಕದಲ್ಲೇ ಓರೆಯಾಗಿ ಬಿದ್ದಿತ್ತು.

ಅವಳು ತಲೆ ಎತ್ತಿದಳು. ಎಲ್ಲ ಕಿಟಕಿಗಳ ಪರದೆಯನ್ನೂ ಕಟ್ಟಿಯಾಗಿತ್ತು. ಅವಳ ಕಿಟಕಿಯದು ಮಾತ್ರ ಹಾಗೇ ತೂಗುತ್ತಿತ್ತು. ಮೇಲೆ, ಬಟ್ಟೆಯ ಒಂದು ಮಡಿಕೆಯಲ್ಲಿ, ಏನೋ ಮಿನುಗಿತು. ವಾನ್‌ಟಿಂಗ್ ಕುರ್ಚಿ ಹತ್ತಿದಳು.

ದೊಡ್ಡಣ್ಣ. ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತ, ಮಡಿಕೆಯಿಂದ ಮಡಿಕೆಗೆ ಸಣ್ಣ ಎಳೆ ಹಾಕುತ್ತಿದ್ದ.

ಇಳಿದು ಬೋರ್ಡಿನ ಹತ್ತಿರ ಹೋದಳು. "ಪೇಶಾನ್," ಅಂದಳು. "ಒಂಚೂರು ಬರ್ತೀಯಾ?"

ಪೇಶಾನ್ ತಿರುಗಿದಳು. ಅವಳ ಇನ್ನೊಂದು ಕೆನ್ನೆಯ ಮೇಲೆ, ಕಿವಿಯಿಂದ ಗದ್ದದವರೆಗೆ, ತೋಳಿನ ಮಡಿಕೆಯ ಗೆರೆಗಳು ಇನ್ನೂ ಮಾಸಿರಲಿಲ್ಲ. ದಿನವೂ ಇವರಿಬ್ಬರೂ ಒಬ್ಬರ ಕಡೆ ಒಬ್ಬರು ಮುಖ ಮಾಡಿ ಮಲಗುತ್ತಿದ್ದರು. ಇವತ್ತು ಪೇಶಾನ್ ಮುಖವನ್ನು ಆ ಕಡೆ ತಿರುಗಿಸಿ ಮಲಗಿದ್ದಳು.

ಅವಳೂ ಕುರ್ಚಿ ಹತ್ತಿ ನೋಡಿದಳು. ಅವಳ ಮುಖದ ಬಿಗು ಸ್ವಲ್ಪ ಸಡಿಲವಾಯಿತು. "ಕಾಯಿಲೆ ಅಲ್ಲ, ಹಣ್ಣಾಗಿದ್ದಾನೆ. ಗೂಡು ಕಟ್ಟೋ ಮುಂಚೆ ಹೀಗೇ ತಿನ್ನೋದು ಬಿಟ್ಟು, ಮೇಲೆ ಹತ್ತೋಕೆ ಜಾಗ ಹುಡುಕುತ್ತವಂತೆ. ಅಜ್ಜಿ ಯಾವಾಗ್ಲೋ ಹೇಳಿದ್ಳು, ನಂಗೇ ಮರೆತಿತ್ತು."

ಇಳಿಯುವಾಗ ಅವಳ ಕಣ್ಣು ವಾನ್‌ಟಿಂಗ್‌ಳ ಡೆಸ್ಕಿನ ಕಡೆ ಹೋಯಿತು. ವಾನ್‌ಟಿಂಗ್ ಒಂದೇ ನೆಗೆತಕ್ಕೆ ಹೋಗಿ ಒಂದು ಕಾರ್ಡನ್ನು ಮುಷ್ಟಿಯಲ್ಲಿ ಮುದುರಿಕೊಂಡಳು. ಉಳಿದವನ್ನು ಪೇಶಾನ್ ಎತ್ತಿಕೊಂಡು, ಊಟ, ಪರದೆ, ನಿದ್ದೆ ಎಂದು ಸಾಲಾಗಿ ಜೋಡಿಸಿ, ಮೂಲೆಯ ನಂಬರ್ ನೋಡಿದಳು.

"ಎರಡಾದ ಮೇಲೆ ನಾಲ್ಕು ಇದೆ. ಮೂರು ಎಲ್ಲಿ?"

ಸ್ಪೀಕರಿನ ಹಾಡು ನಿಂತಿತು. ಕಾರಿಡಾರಿನಲ್ಲಿ ಟೀಚರ್ ಚಪ್ಪಲಿಯ ಸದ್ದು ಕೇಳಿಸಿತು.

"ಅದು ನಡೀಲಿಲ್ಲ," ಎಂದಳು ವಾನ್‌ಟಿಂಗ್.

ಪೇಶಾನ್ ಅವಳ ಮುಷ್ಟಿಯನ್ನು ನೋಡಿದಳು. ಬೆರಳುಗಳ ಸಂದಿಯಿಂದ ಕಾರ್ಡಿನ ಒಂದು ಮೂಲೆ ಇಣುಕುತ್ತಿತ್ತು. ಜೋಡಿಸಿದ ಕಾರ್ಡುಗಳನ್ನು ಒಟ್ಟುಮಾಡಿ ಅವಳ ಕಡೆ ತಳ್ಳಿದಳು.

"ಪರದೆ ಕಟ್ಟಬೇಡ," ಎಂದಳು. "ಅವನು ಮುಗಿಸೋ ತನಕ."

ವಾನ್‌ಟಿಂಗ್ ತಲೆಯಾಡಿಸಿದಳು. ಅವಳ ಮುಷ್ಟಿಯೊಳಗೆ ಕಾರ್ಡು ಬೆವರಿಗೆ ಒದ್ದೆಯಾಗಿತ್ತು.