ಕಿತ್ತಳೆ ಬಣ್ಣದ ಅಂಗೈ

"ಮಂಜೀ, ಇಲ್ಲಿ ಬಾ. ಇವನ ಮಾರಿ ಯಾಕ ಹಿಂಗಾಗೇತಿ ನೋಡು."

ಅಜ್ಜಿ ಹನುಮವ್ವ ಚನ್ನುವನ್ನು ಎತ್ತಿಕೊಂಡು ಹೊಸಿಲಲ್ಲಿ ನಿಂತಿದ್ದಳು. ಅವರದು ಒಂದೇ ಕೋಣೆಯ ಬಾಡಿಗೆ ಮನೆ. ಬೆಳಕು ಬೇಕೆಂದರೆ ಹೊಸಿಲಿಗೇ ಬರಬೇಕು. ಎಂಟು ತಿಂಗಳ ಚನ್ನುವಿನ ಕೆನ್ನೆ, ಹಣೆ, ಕತ್ತು, ಎರಡೂ ತೋಳು ಅರಿಸಿನ ಬಳಿದಂತೆ ಹಳದಿಯಾಗಿದ್ದವು. ಅವನಿಗೆ ಅದರ ಪರಿವೆಯೇ ಇಲ್ಲ. ಅಜ್ಜಿಯ ಕಿವಿಯೋಲೆ ಹಿಡಿದು ಜಗ್ಗುತ್ತಾ ನಗುತ್ತಿದ್ದ.

ಮಂಜುಶ್ರೀ ನೀರಿನ ಡ್ರಮ್ಮಿನ ಪಕ್ಕದಿಂದ ಕದಲಲಿಲ್ಲ. ಎರಡೂ ಕೈಗಳನ್ನು ಮುಷ್ಟಿ ಮಾಡಿ ಸ್ವೆಟರಿನ ಜೇಬಿನೊಳಗೆ ತುರುಕಿಕೊಂಡಿದ್ದಳು.

"ಬಿಸಲಿಗೆ ಹಂಗ ಕಾಣತೈತೇನೋ" ಅಂದಳು.

"ಬಿಸಲು ನನ್ನ ಮ್ಯಾಲೂ ಬಿದ್ದೈತಿ. ನಾ ಏನ್ ಹಳದಿ ಆಗೀನೇನ?" ಅಜ್ಜಿ ಮಗುವಿನ ಕೆನ್ನೆ ಉಜ್ಜಿ ನೋಡಿದಳು. ಅವಳ ದನಿ ಸಣ್ಣದಾಯಿತು. "ಕಾಮಣಿ ಬಂದೈತಿ ಕೂಸಿಗೆ."

ಕಾಮಣಿ ಅಂದರೆ ಕಾಮಾಲೆ. ಮಂಜುಶ್ರೀಗೆ ಅದು ಗೊತ್ತಿತ್ತು. ಅವಳ ಕ್ಲಾಸಿನ ಸಿದ್ದಾರ್ಥ್‌ಗೆ ಬಂದು ಅವನು ಒಂದು ತಿಂಗಳು ಶಾಲೆಗೇ ಬಂದಿರಲಿಲ್ಲ. ಬಂದಾಗ ಅವನ ಕಣ್ಣಿನ ಬಿಳಿಯೆಲ್ಲ ನಿಂಬೆ ಸಿಪ್ಪೆಯ ಹಾಗಿತ್ತು.

ಆದರೆ ಚನ್ನುವಿಗೆ ಬಂದದ್ದು ಕಾಮಾಲೆ ಅಲ್ಲ. ಅದೇನೆಂದು ಇಡೀ ವಠಾರದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ನಿನ್ನೆ ಸಂಜೆ ಅವ್ವ ಒಗೆಯುವುದಕ್ಕೆಂದು ಫ್ಯಾಕ್ಟರಿಯ ಏಪ್ರನ್ ಮನೆಗೆ ತಂದಿದ್ದಳು. ಅವ್ವನ ಹೆಸರು ಸುಮಂಗಲಾ. ಬೊಮ್ಮಸಂದ್ರದ ಒಂದು ಫ್ಯಾಕ್ಟರಿಯಲ್ಲಿ ಅವಳಿಗೆ ಕೆಲಸ. ಅಲ್ಲಿ ಮುಖಕ್ಕೆ, ಕೂದಲಿಗೆ ಹಚ್ಚುವ ಎಣ್ಣೆಗಳನ್ನು ಬಾಟಲಿಗೆ ತುಂಬುತ್ತಾರೆ. ಏಪ್ರನ್ನನ್ನು ಬಕೆಟ್ಟಿಗೆ ಹಾಕುವ ಮೊದಲು ಜೇಬು ತಡಕಿದವಳು ಹಾಗೇ ನಿಂತುಬಿಟ್ಟಳು. ಜೇಬಿನಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ಗಾಜಿನ ಶೀಶೆ. ಒಳಗೆ ಗಟ್ಟಿ ಕಿತ್ತಳೆ ಬಣ್ಣದ ಎಣ್ಣೆ.

"ಸ್ಯಾಂಪಲ್ ಬಾಟ್ಲಿ! ಟೇಬಲ್ ಮ್ಯಾಲ ಇಡೂದು ಮರತು ಜೇಬಿನಾಗ ಇಟ್ಕೊಂಡು ಬಂದೀನಿ" ಎಂದು ಅವ್ವ ಪಿಸುಗುಟ್ಟಿದ್ದಳು. "ಗೇಟಿನಾಗ ಬ್ಯಾಗ್ ಅಷ್ಟ ನೋಡಿದ್ರು."

"ವಾಪಸ್ ಕೊಟ್ಟರಾತು, ಅಲ್ಲೇನವಾ?"

"ಕಳವು ಮಾಡ್ಯಾಳ ಅಂದ್ರ? ಹೋದ ತಿಂಗಳು ಸವಿತಾನ ಬ್ಯಾಗಿನಾಗ ಒಂದು ಖಾಲಿ ಡಬ್ಬಿ ಸಿಕ್ಕಿತ್ತು. ಗೇಟಿನಾಗ ಕೊರಳಿಂದ ಐಡಿ ಕಾರ್ಡ್ ತೆಗಿಸ್ಕೊಂಡು ಮನಿಗೆ ಕಳಿಸಿದ್ರು." ಅವ್ವ ಶೀಶೆಯನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. "ಸೋಮವಾರ ನಮ್ಮ ಮೇಡಂ ರಜಾ ಮುಗಿಸಿ ಬರ್ತಾರ. ಅವ್ರ ಕೈಯಾಗ ಕೊಡ್ತೀನಿ. ಅಲ್ಲೀಮಟ ಯಾರ ಮುಂದೂ ಬಾಯಿ ಬಿಡಬ್ಯಾಡ. ಲಕ್ಷ್ಮಮ್ಮನ ಮುಂದಂತೂ ಬ್ಯಾಡೇ ಬ್ಯಾಡ."

ಲಕ್ಷ್ಮಮ್ಮ ಮನೆಯ ಓನರ್. ಅವಳ ಮಗ ಮುನಿಕೃಷ್ಣ ಅದೇ ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯೂರಿಟಿ.

"ಅದು ಯಾತರ ಎಣ್ಣಿ?" ಎಂದು ಮಂಜುಶ್ರೀ ಕೇಳಿದ್ದಳು.

"ಸೀ ಬಕ್‌ಥಾರ್ನ್ ಅಂತಾರ. ಲಡಾಖ್ ಅಂತ ಊರೈತಲ್ಲ, ಬರೇ ಹಿಮ ಬೀಳೂದು, ಅಲ್ಲಿ ನಮ್ಮ ಬಾರಿಕಂಟಿಯಂಥಾ ಮುಳ್ಳಿನ ಗಿಡಕ್ಕ ಬಿಡೂ ಹಣ್ಣಂತ. ಬಾರಿಹಣ್ಣಿಗಿಂತ ಸಣ್ಣು. ಒಡಕಲು ಚರ್ಮಕ್ಕ ಭಾಳ ಚಲೋ ಅಂತ. ಹಚ್ಚಿದ್ರ ಬೆಣ್ಣಿ ಆಗತೈತಂತ."

ಬೆಣ್ಣೆ. ಆ ಮಾತು ಮಂಜುಶ್ರೀಯ ತಲೆಯಲ್ಲಿ ಕೂತುಬಿಟ್ಟಿತು. ಜನವರಿಯ ಚಳಿಗೆ, ರಸ್ತೆಯ ಲಾರಿಗಳ ಧೂಳಿಗೆ ಚನ್ನುವಿನ ಕೆನ್ನೆ ಒಡೆದು ಉರಿಯುತ್ತಿತ್ತು. ನಿದ್ದೆಯಲ್ಲೂ ಕೆರೆದುಕೊಂಡು ಅಳುತ್ತಿದ್ದ. ಇವತ್ತು ಎರಡನೇ ಶನಿವಾರ, ಶಾಲೆಗೆ ರಜ. ಅವ್ವ ಬೆಳಿಗ್ಗೆ ಆರಕ್ಕೇ ಶಿಫ್ಟಿಗೆ ಹೋಗಿದ್ದಳು. ಅಜ್ಜಿ ನಲ್ಲಿಯ ಸಾಲಿನಲ್ಲಿ ನಿಂತಿದ್ದಾಗ ಮಂಜುಶ್ರೀ ಶೀಶೆಯ ಮುಚ್ಚಳ ತಿರುಗಿಸಿದಳು.

ಒಂದು ಹನಿ. ಅದು ಸಾಲದು ಅನ್ನಿಸಿತು. ಇನ್ನೆರಡು. ಆಮೇಲೆ ಎಣಿಸಲಿಲ್ಲ. ಕೆನ್ನೆ, ಹಣೆ, ತೋಳು ಎಲ್ಲಾ ಕಡೆ ಚೆನ್ನಾಗಿ ತಿಕ್ಕಿದಳು. ಚನ್ನು ಸುಖವಾಗಿ ಕಾಲು ಬಡಿಯುತ್ತಿದ್ದ. ಒರೆಸಲು ಹೋದಾಗಲೇ ಗೊತ್ತಾದದ್ದು. ಎಣ್ಣೆ ಬಂತು, ಬಣ್ಣ ಬರಲಿಲ್ಲ. ಸೋಪು ಹಾಕಿದಳು, ಆಗಲೂ ಬರಲಿಲ್ಲ. ತನ್ನ ಅಂಗೈ ನೋಡಿಕೊಂಡಳು. ಎರಡೂ ಅಂಗೈ ಕಿತ್ತಳೆ ಹಣ್ಣಿನ ಹಾಗೆ.

"ಯಾಕಮ್ಮಾ ಅನುಮವ್ವ, ಏನಾಯ್ತು ಮಗೀಗೆ?"

ಲಕ್ಷ್ಮಮ್ಮ ಮಹಡಿ ಮೆಟ್ಟಿಲಿಳಿದು ಬಂದೇಬಿಟ್ಟಿದ್ದಳು. ಬಗ್ಗಿ ನೋಡಿದವಳೇ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ, ಕಾಮಾಲೆ ಕಣಮ್ಮ! ಇಂಗೆ ನಿಂತ್ಕಂಡ್ರೆ ಆಯ್ತದಾ? ಆಸ್ಪತ್ರೆಗೆ ಕರ್ಕಂಡೋಗು."

"ದವಾಖಾನಿ ಆಮ್ಯಾಲ್ರಿ. ಮೊದಲ ಬರೆ ಹಾಕಿಸಬೇಕು" ಅಂದಳು ಅಜ್ಜಿ. "ನನ್ನ ಮಗ ಮುತ್ತಣ್ಣಗೂ ಸಣ್ಣವ ಇದ್ದಾಗ ಬಂದಿತ್ತು. ಬರೆ ಹಾಕಿಸಿದ ಮ್ಯಾಲ ಉಳದಾನ. ಹಿಂದಿನ ಓಣ್ಯಾಗ ನಮ್ಮ ಕಡಿ ಅಮರಪ್ಪ ಅದಾನ. ಅವಗ ಗೊತ್ತೈತಿ."

ಮುತ್ತಣ್ಣ ಅಂದರೆ ಮಂಜುಶ್ರೀಯ ಅಪ್ಪ.

ಅಪ್ಪ ಚಿಕ್ಕಬಾಣಾವರದ ಕಡೆ ಒಂದು ಕಟ್ಟಡದ ಕೆಲಸದಲ್ಲಿದ್ದ. ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ಅವನ ಎಡತೋಳಿನ ಮೇಲೆ ಎರಡು ನುಣುಪಾದ ಗುಂಡು ಗುರುತುಗಳಿದ್ದವು. ಮಂಜುಶ್ರೀ ಅವನ್ನು ಕಾಲಿಂಗ್ ಬೆಲ್ಲಿನಂತೆ ಒತ್ತುತ್ತಿದ್ದಳು. ಅಪ್ಪ "ಟ್ರಿಂಗ್" ಅನ್ನುತ್ತಿದ್ದ. ಅದು ಬೆಂಕಿಯ ಗುರುತು ಎಂದು ಅವಳಿಗೆ ಈಗ ಹೊಳೆಯಿತು.

"ಅಜ್ಜಿ, ನಿನ್ನ ಹತ್ರ ಒಂದು ಮಾತು..."

"ಸುಮ್ನಿರು. ಓಡಿ ಹೋಗಿ ಅಮರಪ್ಪನ್ನ ಕರಕೊಂಬಾ."

"ಅವ್ವ ಬರಲಿ ತಡಿ. ಎರಡಕ್ಕ ಬರ್ತಾಳ."

"ಎರಡರಮಟ ವಿಷ ಏರಿಕೋತ ಕುಂಡರಲೇನ? ಆಕಿಗೆ ಫೋನ್ ಮಾಡಬೇಕಂದ್ರ ಅದನ್ನೂ ಲಾಕರಿನಾಗ ಇಡಸ್ತಾರ. ಹೋಗಂದ್ರ ಹೋಗು!"

ಮಂಜುಶ್ರೀ ಹೋಗಲಿಲ್ಲ. ಪಕ್ಕದ ಮನೆಯವರು ಯಾರೋ ಹೋದರು. ಐದೇ ನಿಮಿಷದಲ್ಲಿ ಅಮರಪ್ಪ ಬಂದ. ಇವತ್ತು ಅವನಿಗೂ ಕೆಲಸವಿರಲಿಲ್ಲವಂತೆ. ಕಬ್ಬಿಣದ ಸರಳು ಕಟ್ಟಿ ಕಟ್ಟಿ ಒರಟಾದ ಕೈಗಳು, ಮೆತ್ತಗಿನ ದನಿ. ಅವನು ಕೆಟ್ಟವನಂತೆ ಕಾಣಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ ತಂದಿತು.

"ಕೂಸಿನ ತೋಳು ಗಟ್ಟಿ ಹಿಡೀಬೇಕ ನೋಡವಾ" ಅಂದ ಅಜ್ಜಿಗೆ. "ಒಂದು ಅರಿಸಿನ ಕೊಂಬು ಕೊಡ್ರಿ. ಗ್ಯಾಸ್ ಹಚ್ಚರಿ."

ಮಂಜುಶ್ರೀ ಎಲ್ಲರಿಗಿಂತ ಮೊದಲು ಒಳಗೆ ಓಡಿದಳು. ಸಿಲಿಂಡರಿನ ತಲೆಯ ಮೇಲಿನ ಗುಂಡಿಯನ್ನು ತಿರುಗಿಸಿ ಬಂದ್ ಮಾಡಿದಳು. ಲೈಟರ್ ಟಕ್ ಟಕ್ ಎಂದಿತು. ಒಲೆ ಹತ್ತಲಿಲ್ಲ.

"ಗ್ಯಾಸ್ ಆಗಿಹೋಗೈತಿ" ಅಂದಳು ಅವಳು.

"ಮೊನ್ನಿ ಬಂದಿದ್ದ ಸಿಲಿಂಡರ್ ಇವತ್ತ ಹೆಂಗ ಆಗಿಹೋಕ್ಕೈತಿ?" ಅಂದಳು ಅಜ್ಜಿ. ಅಮರಪ್ಪ ಬಗ್ಗಿ ಗುಂಡಿಯನ್ನು ತಿರುಗಿಸಿದ. ನೀಲಿ ಉರಿ ಭುಸ್ಸೆಂದು ಎದ್ದಿತು. ಅವನು ಅರಿಸಿನ ಕೊಂಬನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದ. ಮೊದಲು ಹೊಗೆ ಬಂತು. ಆಮೇಲೆ ತುದಿ ಕಪ್ಪಾಯಿತು. ಆಮೇಲೆ ಕೆಂಪಗೆ ಮಿನುಗತೊಡಗಿತು.

ಹೇಳಿಬಿಡಬೇಕು. ಬಾಯಿ ತೆರೆದಳು. ಬಾಗಿಲಲ್ಲಿ ಲಕ್ಷ್ಮಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಹೇಳಿದರೆ ಲಕ್ಷ್ಮಮ್ಮನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಮುನಿಕೃಷ್ಣನ ಕಿವಿಗೆ ಹೋಗುತ್ತದೆ. ಅಲ್ಲಿಂದ ಗೇಟಿಗೆ. ಅವ್ವನ ಕೊರಳಿನಿಂದ ಐಡಿ ಕಾರ್ಡ್ ತೆಗೆಸುತ್ತಾರೆ. ಹೇಳದಿದ್ದರೆ ಚನ್ನುವಿನ ತೋಳು.

"ಅಜ್ಜಿ, ಅವನ ಕಣ್ಣು ನೋಡು! ಬೆಳ್ಳಗ ಅದಾವ! ಕಾಮಣಿ ಆದ್ರ ಕಣ್ಣೂ ಹಳದಿ ಆಗ್ತಾವ. ಸಿದ್ದಾರ್ಥ್‌ಗೆ ಆಗಿದ್ವು!"

"ಏಯ್, ಕೂಸು ಹೆದರತೈತಿ, ಒದರಬ್ಯಾಡ" ಅಂದಳು ಅಜ್ಜಿ. ಚನ್ನುವಿನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವನು ಅಳಲು ಶುರುಮಾಡಿದ್ದ.

ಅಮರಪ್ಪ ಇಕ್ಕಳ ಹಿಡಿದು ತಿರುಗಿದ.

ಮಂಜುಶ್ರೀ ಮಧ್ಯೆ ನುಗ್ಗಿದಳು. ಜೇಬಿನಿಂದ ಎರಡೂ ಕೈ ಹೊರಗೆ ಬಂದವು. ಮುಷ್ಟಿ ತೆರೆದು ಅಮರಪ್ಪನ ಮುಖದ ಮುಂದೆ ಹಿಡಿದಳು.

"ನನಗೂ ಹಾಕ್ರಿ ಹಂಗಾದ್ರ! ನೋಡ್ರಿ, ಅವನಕಿಂತ ಜಾಸ್ತಿ ಐತಿ ನನಗ. ಮೊದಲ ನನಗ ಹಾಕ್ರಿ!"

ಚನ್ನು ಒಂದು ಗಳಿಗೆ ಅಳು ನಿಲ್ಲಿಸಿದ.

ಅಮರಪ್ಪ ಅವಳ ಅಂಗೈಗಳನ್ನು ನೋಡಿದ. ಹಿಂದೆ ತಿರುಗಿಸಿದ. ಕೈ ಹಿಂಬದಿ ಎಂದಿನ ಬಣ್ಣದಲ್ಲೇ ಇತ್ತು. ಅಂಗೈ ಮೂಸಿದ. ಆಮೇಲೆ ಚನ್ನುವಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಜಗ್ಗಿ ನೋಡಿದ.

"ಕಣ್ಣು ಬೆಳ್ಳಗ ಅದಾವ" ಅಂದ. ಅವನ ಮುಖದಲ್ಲಿ ಬೆವರು ಒಡೆದಿತ್ತು. ಅರಿಸಿನ ಕೊಂಬನ್ನು ನೀರಿನ ಚೊಂಬಿಗೆ ಎಸೆದ. ಅದು ಚುಂಯ್ ಎಂದಿತು. "ಏನ್ ಹಚ್ಚೀಯವಾ ತಂಗಿ ಇವಗ?"

ಇನ್ನು ಉಳಿದದ್ದೇನು? ಮಂಜುಶ್ರೀ ಅಕ್ಕಿ ಡಬ್ಬಿಯ ಹಿಂದಿನಿಂದ ಶೀಶೆ ತಂದಳು. ಅರ್ಧ ಖಾಲಿಯಾಗಿತ್ತು. "ಅವ್ವ ಕಳವು ಮಾಡಿಲ್ಲ" ಅಂದಳು ಮೊದಲಿಗೇ. "ಏಪ್ರನ್ ಜೇಬಿನಾಗ ಮರತು ಬಂದಿತ್ತು. ಸೋಮವಾರ ಕೊಡಾಕಿ ಇದ್ಲು. ನಾ ಚನ್ನುನ ಗಲ್ಲಕ್ಕ ಹಚ್ಚಿದೆ. ಮೆತ್ತಗ ಆಗಲಿ ಅಂತ."

ಲಕ್ಷ್ಮಮ್ಮ ಶೀಶೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಲೇಬಲ್ಲಿನ ಮೇಲೊಂದು ಹಸಿರು ಎಲೆಯ ಚಿತ್ರ. ಮುನಿಕೃಷ್ಣನ ಯೂನಿಫಾರ್ಮಿನ ಜೇಬಿನ ಮೇಲೂ ಅದೇ ಎಲೆ. ಶೀಶೆಯನ್ನು ಕಿಟಕಿಯಲ್ಲಿಟ್ಟು ಮಹಡಿ ಹತ್ತಿ ಹೋದಳು. ಫೋನ್ ಮಾಡಲು ಹೋದಳೇ?

ಲಕ್ಷ್ಮಮ್ಮ ಮರಳಿ ಬಂದಾಗ ಅವಳ ಕೈಯಲ್ಲಿ ಕೊಬ್ಬರಿ ಎಣ್ಣೆಯ ಡಬ್ಬವಿತ್ತು. "ಎಣ್ಣೆ ಬಣ್ಣ ಸೋಪಿಗೆಲ್ಲಿ ಓಯ್ತದೆ? ಎಣ್ಣೆಗೇ ಓಗ್ಬೇಕು" ಎನ್ನುತ್ತಾ ಕುಕ್ಕರಗಾಲಲ್ಲಿ ಕೂತು ಹತ್ತಿಯಲ್ಲಿ ಅದ್ದಿ ಅದ್ದಿ ಚನ್ನುವನ್ನು ಒರೆಸತೊಡಗಿದಳು. ಹತ್ತಿ ಹಳದಿಯಾಗುತ್ತಾ ಹೋಯಿತು, ಚನ್ನು ಬೆಳ್ಳಗಾಗುತ್ತಾ ಬಂದ. "ನಿಮ್ಮಮ್ಮ ಬರ್ಲಿ" ಅಂದಳು ಮಂಜುಶ್ರೀಯ ಕಡೆ ನೋಡದೆ. ಅಷ್ಟೇ.

ಅಮರಪ್ಪ ಹೋದ ಮೇಲೂ ಅಜ್ಜಿ ಚೊಂಬಿನೊಳಗಿನ ಕರಿಕೊಂಬನ್ನೇ ನೋಡುತ್ತಾ ಕೂತಿದ್ದಳು. ತನಗೆ ತಾನೇ ಅಂದುಕೊಂಡಳು. "ಮುತ್ತನ ಕಣ್ಣು ಹಳದಿ ಇದ್ದುವೋ ಇಲ್ಲೋ. ನಾ ಅವತ್ತ ನೋಡಲೇ ಇಲ್ಲ."

ಎರಡೂಕಾಲು ಗಂಟೆಗೆ ಅವ್ವ ಬಂದಳು. ಕೊರಳಲ್ಲಿ ನೀಲಿ ದಾರ, ದಾರದಲ್ಲಿ ಐಡಿ ಕಾರ್ಡ್. ಹೊಸಿಲಲ್ಲಿ ಲಕ್ಷ್ಮಮ್ಮನನ್ನು, ಕಿಟಕಿಯಲ್ಲಿ ಶೀಶೆಯನ್ನು ನೋಡಿ ಚಪ್ಪಲಿ ಬಿಡುವುದನ್ನೇ ಮರೆತಳು. ಮಂಜುಶ್ರೀ ಎಲ್ಲವನ್ನೂ ಹೇಳಿದಳು. ಬರೆಯ ಮಾತು ಬಂದಾಗ ಅವ್ವ ಚನ್ನುವನ್ನು ಕಿತ್ತುಕೊಂಡು ತೋಳು ತಿರುಗಿಸಿ ತಿರುಗಿಸಿ ನೋಡಿದಳು. ಹೊಡೆಯುತ್ತಾಳೆ ಎಂದು ಮಂಜುಶ್ರೀ ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ.

"ನಂ ಮುನಿಕೃಷ್ಣಂಗೆ ನಾನು ಯೋಳಿಲ್ಲ. ನೀನೇ ಯೋಳಿದ್ರೆ ಒಳ್ಳೇದು ಸುಮಂಗಲಾ" ಅಂದಳು ಲಕ್ಷ್ಮಮ್ಮ. "ಇವತ್ತೇ ಯೋಳು. ಸೋಮವಾರ ಗಂಟ ಯಾಕೆ ಎದೆ ಒಳ್ಗೆ ಇಟ್ಕಂಡಿರ್ತೀಯ?"

ಅವ್ವ ಶೀಶೆ ತೆಗೆದುಕೊಂಡಳು. "ನಡಿ" ಅಂದಳು ಮಂಜುಶ್ರೀಗೆ. ಅಜ್ಜಿಗೆ, "ಅತ್ತೀ, ಸಂಜಿಗೆ ಇವನ್ನ ದವಾಖಾನಿಗೂ ತೋರಿಸ್ಕೊಂಡು ಬರೂಣು" ಅಂದಳು.

ಫ್ಯಾಕ್ಟರಿಗೆ ಹತ್ತು ನಿಮಿಷದ ದಾರಿ. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಅವ್ವ ಶೀಶೆಯಿದ್ದ ಕೈಯನ್ನು ಬಿಗಿ ಮುಷ್ಟಿ ಮಾಡಿ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಆ ಮುಷ್ಟಿಯನ್ನು ಮಂಜುಶ್ರೀ ದಾರಿಯುದ್ದಕ್ಕೂ ನೋಡುತ್ತಾ ನಡೆದಳು.

ಗೇಟಿನಲ್ಲಿ ಮುನಿಕೃಷ್ಣ ಎದ್ದು ನಿಂತ. "ಏನಕ್ಕಾ, ಶಿಫ್ಟ್ ಮುಗಿಸಿ ಈಗ ತಾನೆ ಹೋದ್ರಿ?"

ಅವ್ವ ಮುಷ್ಟಿ ತೆರೆದಳು.

ಅವನು ಶೀಶೆ ನೋಡಿದ, ಅವ್ವನನ್ನು ನೋಡಿದ, ಮಂಜುಶ್ರೀಯ ಕಿತ್ತಳೆ ಕೈಗಳನ್ನು ನೋಡಿದ. ತಲೆ ಕೆರೆದುಕೊಂಡ. "ಶಿಫ್ಟ್ ಇನ್‌ಚಾರ್ಜ್ ಒಳಗಡೆ ಅವ್ರೆ. ನೀವೇ ಹೋಗಿ ಹೇಳ್ಬಿಡಿ ಅಕ್ಕಾ. ನೀನು ಇಲ್ಲೇ ಕೂತ್ಕೋ ಪಾಪು."

ಮಂಜುಶ್ರೀ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಮುಷ್ಟಿ ಬಿಗಿದು ಕೂತಳು. ಗೋಡೆಯ ಗಡಿಯಾರದಲ್ಲಿ ದೊಡ್ಡ ಮುಳ್ಳು ಎಂಟರಿಂದ ಒಂಬತ್ತಕ್ಕೆ ಹೋಯಿತು. ಹತ್ತಕ್ಕೆ ಹೋಯಿತು. ಹನ್ನೊಂದಕ್ಕೆ ಬರುವ ಮೊದಲು ಒಳಗಿನ ಬಾಗಿಲು ತೆರೆಯಿತು.

ಅವಳು ಅವ್ವನ ಮುಖ ನೋಡಲಿಲ್ಲ. ಕೊರಳು ನೋಡಿದಳು.

ನೀಲಿ ದಾರ ಇತ್ತು. ಕಾರ್ಡೂ ಇತ್ತು.

ರಸ್ತೆಗೆ ಬಂದ ಮೇಲೆ ಕೇಳಿದಳು. "ಬೈದ್ರೇನವಾ?"

"ಭಾಳ ಬೈದ್ರು. ಪುಸ್ತಕದಾಗ ಬರದು ಸೈ ತಗೊಂಡ್ರು. ಇನ್ನೊಮ್ಮಿ ಆದ್ರ ಕೇಳೂದೇ ಇಲ್ಲ ಅಂದ್ರು." ಅವ್ವ ಮೂಗು ಒರೆಸಿಕೊಂಡಳು. "ಆ ಎಣ್ಣಿ ಹಂಗ ಹಚ್ಚಂಗಿಲ್ಲಂತ. ಬ್ಯಾರೆ ಎಣ್ಣ್ಯಾಗ ಒಂದೀಟು ಕೂಡಿಸಿ ಹಚ್ಚಬೇಕಂತ. ನನಗೂ ಈಗ ಗೊತ್ತಾತು."

ರಸ್ತೆ ದಾಟಲು ಅವ್ವ ಕೈ ಚಾಚಿದಳು. ಆ ಅಂಗೈಯಲ್ಲಿ ಉಗುರು ಒತ್ತಿದ ನಾಲ್ಕು ಗೆರೆಗಳು ಕೆಂಪಗೆ ಮೂಡಿದ್ದವು. ಮಂಜುಶ್ರೀ ತನ್ನ ಅಂಗೈ ನೋಡಿಕೊಂಡಳು. ಕಿತ್ತಳೆ ಬಣ್ಣದ ನಡುವೆ, ಸರಿಯಾಗಿ ಅದೇ ಜಾಗದಲ್ಲಿ, ನಾಲ್ಕು ಪುಟ್ಟ ಗೆರೆಗಳಿದ್ದವು.

ಅವಳು ತನ್ನ ಅಂಗೈಯನ್ನು ಅವ್ವನ ಅಂಗೈಯ ಮೇಲಿಟ್ಟಳು. ಒಂದು ಲಾರಿ ಹೋಗುವವರೆಗೆ ಇಬ್ಬರೂ ಕಾದರು. ಆಮೇಲೆ ರಸ್ತೆ ದಾಟಿದರು.