ಚಿತ್ರ ಮೆಚ್ಚದ ಹುಡುಗಿ

"ಇದಕ್ಕ ನಮ್ಮ ಬೆಟಗೇರ್ಯಾಗ ತಿಪ್ಪಿ ಅಂತಾರ್ರಿ. ನೋಡಾಕ ಯಾರೂ ಟಿಕೆಟ್ ಇಡಂಗಿಲ್ಲ."

ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕಾಂಚನಾ ಹೇಳಿದಳು. ಅವಳ ಮುಂದೆ, ಗದಗಿನ ಆ ದೊಡ್ಡ ಸಭಾಂಗಣದ ನಟ್ಟನಡುವೆ, ಒಂದು ಗಾಡಿಯಷ್ಟು ಉಳ್ಳಾಗಡ್ಡಿ ಸುರಿದಿತ್ತು. ಕೊಳೆತು ನೀರು ಬಿಟ್ಟಿತ್ತು. ಪಕ್ಕದಲ್ಲೊಂದು ಫಲಕ: 'ಶೂನ್ಯದ ಸ್ವಗತ'.

ಏನನ್ನಿಸಿತು ಎಂದು ಕೇಳಿದ ಯುವಕ ಅಲ್ಲೇ ನಿಂತಿದ್ದ. ಅಂಗಿಯ ತೋಳಿಗೆಲ್ಲ ಬಣ್ಣ ಮೆತ್ತಿತ್ತು. ಅವನಿಗೆ ಸಿಟ್ಟು ಬರುತ್ತದೆಂದು ಅವಳು ಕಾದಳು. ಅವನು ನಕ್ಕುಬಿಟ್ಟ.

ಛೆ, ನನ್ನನ್ನು ನೋಡಿ ನಗುವ ಈ ಕಲಾವಿದರಲ್ಲಿ ಇವನೂ ಒಬ್ಬನೇ...

ಕಾಂಚನಾ ಅಲ್ಲಿಗೆ ತಾನಾಗಿ ಬಂದವಳಲ್ಲ. ತಂದೆ ಚನ್ನಬಸವಣ್ಣನ ಸೀರೆ ಅಂಗಡಿ ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ. ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವ ಗೆಳತಿ ಮಮತಾ, ಹೊರಗಿನಿಂದ ದೊಡ್ಡ ಕಲಾವಿದರು ಬಂದಿದ್ದಾರೆಂದು ಎಳೆದುಕೊಂಡು ಬಂದಿದ್ದಳು.

ದೊಡ್ಡ ಕಲಾವಿದರು! ಒಬ್ಬ ಬಾಯಿಗೆ ದಾರ ಸುತ್ತಿಕೊಂಡು ಕುರ್ಚಿಯ ಮೇಲೆ ಕುಳಿತಿದ್ದ. ಮಾತಾಡುತ್ತಿದ್ದವರನ್ನು ಕೇಳಿದ ಮೇಲೆ, ಇವನೇ ವಾಸಿ ಅನ್ನಿಸಿತು ಅವಳಿಗೆ. ಇನ್ನೊಬ್ಬ ಹರಿದ ಚಪ್ಪಲಿಗೆ ಚೌಕಟ್ಟು ಹಾಕಿಸಿದ್ದ. ಅದರ ಮುಂದೆ ಊರಿನ ಹಿರಿಯರು ತಲೆದೂಗುತ್ತ ನಿಂತಿದ್ದರು. ಒಬ್ಬರಿಗೂ ತಿಳಿದಿರಲಿಲ್ಲ, ತಿಳಿಯಲಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ.

ಉಳ್ಳಾಗಡ್ಡಿ ಸುರಿಸಿದಾತ ಈ ಕಲಾ ಶಿಬಿರದ ಮುಖ್ಯಸ್ಥ. ಎಲ್ಲರೂ ಅವನನ್ನು ಗುರೂಜಿ ಎನ್ನುತ್ತಿದ್ದರು. ಹರಿದ ಕುರ್ತಾ ತೊಟ್ಟಿದ್ದ, ಆದರೆ ಇಸ್ತ್ರಿ ಮಾಡಿದ್ದು. 'ಶೂನ್ಯ' ಎನ್ನುವಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ, ಮತ್ತೆ ತೆರೆದು, ಯಾರು ನೋಡುತ್ತಿದ್ದಾರೆಂದು ನೋಡುತ್ತಿದ್ದ.

ಗೋಡೆಯ ಮೇಲೆ ಒಂದು ದೊಡ್ಡ ಕ್ಯಾನ್ವಾಸ್ ಇತ್ತು. ಮೇಲಿಂದ ಕೆಳಗಿನವರೆಗೆ ಬರೀ ಕಪ್ಪು.

"ಇವ್ರಿಗೆ ಉಳದ ಬಣ್ಣ ಸಿಗಲಿಲ್ಲೇನು?" ಎಂದಳು ಕಾಂಚನಾ.

"ಅದು ನಂದ್ರಿ," ಎಂದ ಅಂಗಿಗೆ ಬಣ್ಣ ಮೆತ್ತಿದ ಯುವಕ. "ನಮ್ಮೂರು ಡೋಣಿದು, ಕರೇ ಮಣ್ಣಿನ ಎರಿ ಹೊಲ."

ಅವಳಿಗೆ ಒಂದು ಗಳಿಗೆ ಮುಜುಗರವಾಯಿತು. ಆದರೂ ನಾಲಿಗೆ ಸುಮ್ಮನಿರಲಿಲ್ಲ. "ಹೊಲ ನಾನೂ ನೋಡೀನ್ರಿ. ಹೊಲದಾಗ ಏನರ ಇರತೈತಿ."

ಈ ಸಲ ಅವನು ನಗಲಿಲ್ಲ. ತನ್ನದೇ ಚಿತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಹೆಸರು ಸಿದ್ದಲಿಂಗೇಶ ಎಂದು ಹೇಳಿ, ನಾಳೆಯೂ ಬರುವಿರಾ ಎಂದು ಕೇಳಿದ.

ಅವಳು ಮರುದಿನ ಹೋದಳು. ಅದರ ಮರುದಿನವೂ! ಬೈಯಲೆಂದೇ ಹೋಗುತ್ತಿದ್ದೇನೆ ಎಂದು ಮಮತಾಗೆ ಹೇಳುತ್ತಿದ್ದಳು. ಆದರೆ ಹೊರಡುವ ಮುಂಚೆ ಅಂಗಡಿಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದು ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಅವನು ಒಂದೊಂದೇ ಕೃತಿಯ ಮುಂದೆ ನಿಲ್ಲಿಸಿ ಕೇಳುವನು, ಅವಳು ಇದ್ದದ್ದು ಇದ್ದ ಹಾಗೆ ಹೇಳುವಳು. ಇಷ್ಟು ಲಕ್ಷ್ಯಗೊಟ್ಟು ಅವಳ ಮಾತನ್ನು ಯಾರೂ ಕೇಳಿರಲಿಲ್ಲ.

ಇವನ ಚಿತ್ರ ದಂಡ... ಇವನು ಮಾತ್ರ...

ಮುಂದಿನದನ್ನು ಯೋಚಿಸಲು ಅವಳಿಗೆ ಅಂಜಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಸೀರೆ ಕೊಳ್ಳಲು ಬಂದ ಹೆಂಗಸೊಬ್ಬಳು ಮೊಬೈಲ್ ಮುಂದೆ ಹಿಡಿದು, ಇದು ನಿನ್ನ ಧ್ವನಿಯೇ ಅಲ್ಲವೇ ಎಂದು ಕೇಳಿದಳು. ಹೌದು, ಅವಳದೇ ಧ್ವನಿ! 'ತಿಪ್ಪಿ ಅಂತಾರ್ರಿ, ತಿಪ್ಪಿ ಅಂತಾರ್ರಿ' ಎಂದು ಮತ್ತೆ ಮತ್ತೆ. ಸಭಾಂಗಣದಲ್ಲಿ ಸ್ಪೀಕರಿನಿಂದ ಅದನ್ನೇ ಬಿತ್ತರಿಸುತ್ತಿದ್ದರು. ಹೊಸ ಫಲಕವೂ ಬಂದಿತ್ತು: 'ಅಜ್ಞಾನದ ಧ್ವನಿ'. ಜನ ನಗುತ್ತಿದ್ದರು, ವಿಡಿಯೋ ಮಾಡಿ ಹಂಚುತ್ತಿದ್ದರು.

ಲಕ್ಷ್ಮೇಶ್ವರದಿಂದ ಅವಳನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಅವತ್ತೇ ಫೋನ್ ಮಾಡಿ, ಸದ್ಯಕ್ಕೆ ಬೇಡ ಎಂದರು. ಚನ್ನಬಸವಣ್ಣ ಗಿರಾಕಿಗಳಿಗೆ ಮುಖ ತೋರಿಸಲಾರದೆ ಒಳಗೆ ಹೋಗಿ ಕುಳಿತ. ಅದನ್ನು ನೋಡಿದವಳೇ ಕಾಂಚನಾ ಸಭಾಂಗಣಕ್ಕೆ ಹೊರಟಳು.

ದಿನವೂ ಕರೆದದ್ದು ಇದಕ್ಕೇನು? ಅಷ್ಟು ಪ್ರೀತಿಯಿಂದ ಕೇಳಿದ್ದು ಇದಕ್ಕೇನು?

ಸಿದ್ದಲಿಂಗೇಶ ಸಭಾಂಗಣದ ಮೆಟ್ಟಿಲಲ್ಲೇ ಸಿಕ್ಕ. ಊರಿಗೆ ಹೋಗಿದ್ದವನು ಆಗಷ್ಟೇ ಬಸ್ಸಿಳಿದು ಬಂದಿದ್ದ, ಹೆಗಲಲ್ಲಿ ಚೀಲವಿತ್ತು. ಅವಳನ್ನು ಕಂಡು ಅವನ ಮುಖ ಅರಳಿತು. ಅದೂ ನಾಟಕವೆಂದುಕೊಂಡಳು.

"ಒಳಗಿನ ಉಳ್ಳಾಗಡ್ಡಿಕಿಂತ ನೀವ ಹೆಚ್ಚು ಕೊಳತೀರಿ," ಎಂದಳು. ಏನಾಯಿತು ಎಂದು ಅವನು ಕೇಳುವಷ್ಟರಲ್ಲಿ ಅವಳು ಆಟೋ ಹತ್ತಿದ್ದಳು. ದಾರಿಯುದ್ದಕ್ಕೂ ಅತ್ತಳು.

ಮುಂದಾದದ್ದನ್ನು ಕಣ್ಣಾರೆ ಕಂಡವಳು ಮಮತಾ. ಮರುದಿನ ಬೆಳಿಗ್ಗೆಯೇ ಅಂಗಡಿಗೆ ಓಡಿಬಂದು ಹೇಳಿದಳು. ಉಳ್ಳಾಗಡ್ಡಿ ಗುಡ್ಡೆಯ ಹಿಂದೆ ಮೊಬೈಲ್ ಇಟ್ಟು ಧ್ವನಿ ಹಿಡಿದವನು ಗುರೂಜಿ, ಸಿದ್ದಲಿಂಗೇಶನಿಗೆ ಗೊತ್ತೇ ಇರಲಿಲ್ಲ. ಒಳಗೆ ಬಂದು ಆ ಧ್ವನಿ ಕೇಳಿದ್ದೇ ಸ್ಪೀಕರ್ ಕಿತ್ತು ಹಾಕಿದನಂತೆ. ಇದು ಪ್ರಯೋಗ, ನಿನಗೆ ಅರ್ಥವಾಗದು ಎಂದು ಗುರೂಜಿ ಗದರಿದಾಗ, ಅರ್ಥವಾಗಿದ್ದಕ್ಕೇ ಕಿತ್ತೆ ಎಂದನಂತೆ. ಮುಂಬೈಯ ಪ್ರದರ್ಶನಕ್ಕೆ ಆರಿಸಿದ್ದ ಅವನ ಹೆಸರನ್ನು ಎಲ್ಲರೆದುರೇ ತೆಗೆದುಹಾಕಿದರು. ಗೋಡೆಯ ಮೇಲಿನ ಚಿತ್ರ ಸುತ್ತಿಕೊಂಡು ಅವನು ಊರಿಗೆ ಹೊರಟುಹೋದ.

ಕಾಂಚನಾ ಎದುರಿಗೆ ಬಿಚ್ಚಿದ್ದ ಸೀರೆಯನ್ನು ಮಡಿಸಲೂ ಇಲ್ಲ. ಮಮತಾಳನ್ನು ಜೊತೆಗೆ ಕರೆದುಕೊಂಡು ಡೋಣಿಯ ಬಸ್ಸು ಹಿಡಿದಳು.

ಅವನ ಮನೆಯ ಅಂಗಳದಲ್ಲಿ ತಾಯಿ ಗದಿಗೆವ್ವ ಶೇಂಗಾ ಬಿಡಿಸುತ್ತಿದ್ದಳು. ಆಚೆ ಜೋಳದ ಕಣಿಕೆಯ ಬಣವೆಗೆ ಆ ದೊಡ್ಡ ಕಪ್ಪು ಕ್ಯಾನ್ವಾಸ್ ಹೊದಿಸಿತ್ತು.

"ಮಗಾ ಬರದದ್ದ ಯವ್ವಾ," ಎಂದಳು ಮುದುಕಿ. "ಮಳಿ ನೀರು ಚಲೋ ತಡೀತೈತಿ."

ಕಾಂಚನಾಗೆ ನಗು ಬಂತು, ಜೊತೆಗೇ ಕಣ್ಣೀರೂ ಬಂತು. ಅಷ್ಟರಲ್ಲಿ ಸಿದ್ದಲಿಂಗೇಶ ಹೊಲದಿಂದ ಬಂದ. ಮಮತಾ ಗದಿಗೆವ್ವನ ಪಕ್ಕ ಶೇಂಗಾ ಬಿಡಿಸಲು ಕುಳಿತಳು. ಕಾಂಚನಾ, ಸಿದ್ದಲಿಂಗೇಶ ಇಬ್ಬರೂ ಬಣವೆಯ ಹತ್ತಿರ ಹೋಗಿ ನಿಂತರು.

"ನಾ ಅಂದದ್ದು ತಪ್ಪಾತ್ರಿ," ಎಂದಳು. "ನಿಮ್ಮ ಮಾತು ಕೇಳದ..."

"ಹೇಳೂದು ಒಂದು ಉಳದೈತ್ರಿ," ಎಂದ ಅವನು. "ನಿಮ್ಮನ್ನ ದಿನಾ ಕರದದ್ದು ಚಿತ್ರ ತೋರಸಾಕಲ್ಲ. ನಿಮ್ಮನ್ನ ನೋಡಾಕ. ಅಲ್ಲಿ ಎಲ್ಲಾರೂ ಸುಳ್ಳು ಹೊಗಳತಿದ್ರು. ನೀವು ಬೈದ್ರ ಜೀವಕ್ಕ ಹಿತಾ ಅನಿಸ್ತಿತ್ತು."

ಅವಳು ತಲೆ ತಗ್ಗಿಸಿದಳು. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು.

"ನಿಮ್ಮ ಚಿತ್ರ ನನಗ ಈಗೂ ಸೇರಿಲ್ಲ."

"ಗೊತ್ತೈತ್ರಿ."

"ಮುಂದೂ ಸೇರತಾವಂತ ಹೇಳಾಕ ಬರಂಗಿಲ್ಲ."

"ಅದೂ ಗೊತ್ತೈತಿ." ಅವನ ಧ್ವನಿ ತಗ್ಗಿತು. "ನಾ?"

ಅವಳು ಅವನ ತೋಳಿಗೆ ಅಂಟಿದ್ದ ಕಣಿಕೆಯ ಚೂರೊಂದನ್ನು ಮೆಲ್ಲಗೆ ತೆಗೆದಳು.

"ಮಂಗಳವಾರ ಅಂಗಡಿ ಸೂಟಿ. ಅಪ್ಪ ಮನ್ಯಾಗ ಇರತಾರ. ನಿಮ್ಮವ್ವನ್ನ ಕರಕೊಂಡು ಬಂದು ಹೆಣ್ಣು ಕೇಳ್ರಿ."