ದೇವರ ಗೂಡಿನ ಕಪ್ಪು ತಟ್ಟೆ

"ವಿಭಾ, ನನ್ನ ಮಗನ ಕೈಯನ್ನೇ ಕದ್ಕೊಂಡು ಹೋಗಿದಾರೆ ಕಣೇ," ಎಂದು ಮೈಥಿಲಿ ಬಾಗಿಲಲ್ಲೇ ನಿಂತು ಹೇಳಿದರು.

ಜುಲೈ ತಿಂಗಳ ಭಾನುವಾರ. ನೈರೋಬಿಯ ಕಿಲೆಲೆಶ್ವಾದ ಮೇಲೆ ಬೆಳಗಿನಿಂದಲೂ ಬೂದಿ ಬಣ್ಣದ ಮೋಡ ಕದಲದೆ ನಿಂತಿತ್ತು. ನಾನು ವಿಭಕ್ಕನ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೆ. ಔಷಧಿ ಕಾರ್ಖಾನೆಯಲ್ಲಿ ಮಾತ್ರೆಗಳನ್ನು ಬಿಸಿಗೆ, ತೇವಕ್ಕೆ ಒಡ್ಡಿ ಅವು ಹೇಗೆ ಕೆಡುತ್ತವೆಂದು ನೋಡುವುದು ವಿಭಕ್ಕನ ಕೆಲಸ. ನಾನು ಅವರ ಕೈಕೆಳಗಿನವನು. ನಮ್ಮ ಕನ್ನಡದವರ ಮನೆಗಳಲ್ಲಿ ಏನು ಕಳೆದರೂ ಮೊದಲು ಅವರನ್ನೇ ಕರೆಯುವುದು ರೂಢಿಯಾಗಿತ್ತು.

ಮೈಥಿಲಿಯ ಒಬ್ಬನೇ ಮಗ ಅನುರಾಗ್ ಹಿಂದಿನ ವರ್ಷದ ಮಳೆಯಲ್ಲಿ ಬೈಕ್ ಜಾರಿ ತೀರಿಕೊಂಡಿದ್ದ. ಡ್ರಮ್ಸ್ ಬಾರಿಸುತ್ತಿದ್ದ ಹುಡುಗ. ಫ್ರಾನ್ಸಿನ ಒಂದು ಬೆಟ್ಟದ ಹಳ್ಳಿಯ ಅಣ್ಣತಮ್ಮಂದಿರು ಕಟ್ಟಿದ, ಅವರ ದೇಶದಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲದ 'ಸ್ವೀ ದ ಗ್ರಾಂಜ್' ಎಂಬ, ಕಿರುಚು ಸಂಗೀತದ ಬ್ಲ್ಯಾಕ್ ಮೆಟಲ್ ತಂಡದ ಮೊದಲ ಆಲ್ಬಮ್ಮಿಗೆ ಇಲ್ಲಿಂದಲೇ, ತನ್ನ ಕೋಣೆಯಿಂದ, ಬಾರಿಸಿ ಕಳಿಸಿದ್ದ. ಆ ಹೆಸರಿಗೆ ಕೊಟ್ಟಿಗೆಯ ಮಸಿ ಎಂದು ಅರ್ಥವಂತೆ. ಅವರು ಹಾಡುಗಳನ್ನು ಇಂಟರ್ನೆಟ್ಟಿಗೆ ಹಾಕಲಿಲ್ಲ. ಗ್ರಾಮಫೋನಿನ ಕೆಲವೇ ಎಲ್‌ಪಿ ತಟ್ಟೆಗಳನ್ನು ಮಾಡಿಸಿ, ಹಂಚಿ, ತಂಡವನ್ನೇ ಮುಚ್ಚಿಬಿಟ್ಟರು. ಮೇಲ್ ಬರೆದರೆ ಉತ್ತರವಿಲ್ಲ. ಅನುರಾಗನ ಲ್ಯಾಪ್‌ಟಾಪ್ ಅವನ ಜೊತೆಗೇ ರಸ್ತೆಯಲ್ಲಿ ಪುಡಿಯಾಗಿತ್ತು. ಉಳಿದದ್ದು ಅವರು ಅವನಿಗೆ ಕಳಿಸಿದ್ದ ಒಂದು ತಟ್ಟೆ.

"ಅದರ ಕಿರುಚಾಟ ನಂಗೇನೂ ಅರ್ಥ ಆಗಲ್ಲ," ಎಂದರು ಮೈಥಿಲಿ. "ಆದ್ರೆ ಎರಡನೇ ಬದೀಲಿ, ಕೊನೆ ಹಾಡಿಗೆ ಮುಂಚೆ, ನನ್ನ ಕುಕ್ಕರ್ ವಿಷಲ್ ಕೇಳತ್ತೆ. ‘ಅಮ್ಮಾ, ರೆಕಾರ್ಡಿಂಗು!’ ಅಂತ ಬೈತಾನೆ. ಆ ಹುಡುಗರು ಅದನ್ನ ತೆಗೀದೆ ಹಾಗೇ ಬಿಟ್ಟಿದಾರೆ. ನಂಗಿರೋದು ಅಷ್ಟೇ ವಿಭಾ."

"ಯಾರ ಮೇಲೆ ಅನುಮಾನ?"

"ಇನ್ಯಾರು? ನಮ್ಮ ಡ್ರೈವರ್ ಡೇವಿಡ್. ಅದು ಶೇತಾನನ ಹಾಡು, ಸುಟ್ಟುಬಿಡಿ ಅಂದಿದ್ದ. ನಾಳೆಯಿಂದ ಬರಬೇಡ ಅಂತ ಹೇಳಿದೀನಿ."

ನಾವು ಅವರ ಜೊತೆಗೇ ಹೋದೆವು. ಅನುರಾಗನ ಕೋಣೆಯ ಕಪಾಟಿನಲ್ಲಿ ತಟ್ಟೆಯ ಕವರ್ ಇತ್ತು. ಅದರ ಮೇಲೆ ಮೇಕೆಯ ತಲೆಬುರುಡೆ, ತಲೆಕೆಳಗಾದ ಶಿಲುಬೆ. ಒಳಗೆ ಖಾಲಿ.

"ಕವರ್ ಬಿಟ್ಟು ತಟ್ಟೆ ಮಾತ್ರ ಒಯ್ದರಾ?"

"ತಟ್ಟೆ ಇಲ್ಲಿರಲಿಲ್ಲ, ದೇವರ ಗೂಡಲ್ಲಿತ್ತು. ಹೋದವರ ಫೋಟೋನ ದೇವರ ಜೊತೆ ಇಡಬಾರದಲ್ಲ, ಅದಕ್ಕೇ ಇದನ್ನಿಟ್ಟೆ. ಆ ಬುರುಡೆ ಚಿತ್ರಾನ ಅಲ್ಲಿ ಹೇಗಿಡ್ಲಿ? ಕವರ್ ತೆಗೆದು ಬರೀ ತಟ್ಟೆ ಇಟ್ಟು, ಕುಂಕುಮ ಹಚ್ಚಿದ್ದೆ. ಶುಕ್ರವಾರ ಅವನ ಹುಟ್ಟುಹಬ್ಬ, ರಾತ್ರಿಯಿಡೀ ಉರೀಲಿ ಅಂತ ಅಖಂಡ ದೀಪ ಹಚ್ಚಿ ಮಲಗ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಇಲ್ಲ."

ಗೂಡು ಮರದ್ದು, ಎರಡು ಅಂತಸ್ತಿನದು. ಕೆಳಗೆ ದೇವರ ಮುಂದೆ ಪ್ಲಾಸ್ಟಿಕ್ಕಿನ ಕರೆಂಟು ದೀಪ ಮಿಣುಕುತ್ತಿತ್ತು. ಮೇಲಿನ ಹಲಗೆಯಲ್ಲಿ, ಚೆಲ್ಲಿದ ಕುಂಕುಮದ ನಡುವೆ, ದುಂಡನೆಯ ಖಾಲಿ ಗುರುತಿತ್ತು. ವಿಭಕ್ಕ ಬಗ್ಗಿ ಆ ಹಲಗೆಯ ಅಡಿಯನ್ನು ಬೆರಳಿಂದ ಸವರಿದರು. ಬೆರಳು ಕಪ್ಪಾಯಿತು.

"ಎಣ್ಣೆ ದೀಪ ಎಲ್ಲಿ?"

"ನಿನ್ನೆ ನಾನೇ ತೆಗ್ದೆ," ಎಂದರು ಮೈಥಿಲಿಯ ಗಂಡ ಲಕ್ಷ್ಮೀಶ. "ಫ್ಲ್ಯಾಟಲ್ಲಿ ಬೆಂಕಿಗಿಂಕಿ ಹತ್ತಿದ್ರೆ ಯಾರು ರೆಸ್ಪಾನ್ಸಿಬಲ್ಲು? ಪೊಲೀಸು ಗಿಲೀಸು ಎಲ್ಲಾ ಬೇಡ ಮೇಡಂ. ಹೋದದ್ದು ಹೋಯ್ತು."

ತರಕಾರಿಯವನ ತಕ್ಕಡಿಯನ್ನೂ ನಂಬದೆ ಜಗಳಕ್ಕೆ ನಿಲ್ಲುವ ಮನುಷ್ಯ. ಅಂಥವರು ತಮ್ಮ ಮನೆಯ ಕಳವಿನ ಬಗ್ಗೆ ಡೇವಿಡ್‌ನನ್ನು ಒಂದು ಮಾತೂ ಕೇಳಿರಲಿಲ್ಲ.

ಕಾರಿನ ಡ್ರೈವರ್ ಡೇವಿಡ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಮನೆಯ ಬೀಗದ ಕೈ ಅವನ ಹತ್ತಿರವೂ ಒಂದಿತ್ತು. ಶನಿವಾರ ಬೆಳಿಗ್ಗೆ ಹೂ ತಂದಿಟ್ಟವನೂ ಅವನೇ.

"ಸುಡಿ ಅಂದದ್ದು ನಿಜ," ಎಂದ ಅವನು ತನ್ನ ಸ್ವಾಹಿಲಿ ಬೆರೆತ ಇಂಗ್ಲಿಷಿನಲ್ಲಿ. "ಎದುರಿಗೇ ಅಂದೆ. ಕದಿಯುವವನು ಹಾಗೆ ಮೊದಲೇ ಹೇಳಿ ಕದಿಯುತ್ತಾನಾ? ಕೆಲಸ ಹೋದರೆ ಮಕ್ಕಳ ಸ್ಕೂಲು ನಿಲ್ಲುತ್ತೆ, ಮಾಮಾ." ಸ್ವಾಹಿಲಿಯಲ್ಲಿ ಮಾಮಾ ಅಂದರೆ ಅಮ್ಮ.

ಸೋಫಾದ ಮೇಲಿದ್ದ ಡೆಂಜಿಲ್ ತಲೆಯೆತ್ತಿದ. ಅನುರಾಗನ ಗೆಳೆಯ, ಗಿಟಾರಿನವನು. ಮಂಗಳೂರು ಕಡೆಯ ಮನೆತನ, ಹುಟ್ಟಿದ್ದು ನೈರೋಬಿಯಲ್ಲಿ. ಆ ಶುಕ್ರವಾರ ಊಟಕ್ಕೆ ಬಂದು ಅಲ್ಲೇ ಮಲಗಿದ್ದ. "ನನ್ನನ್ನೂ ಕೇಳಿ ಆಂಟಿ, ಬೇಜಾರಿಲ್ಲ. ಆದ್ರೆ ನಾನು ಕದ್ದಿದ್ರೆ ಕವರ್ ಬಿಡ್ತಿದ್ನಾ? ಮೆಟಲ್ ಕೇಳೋ ನಮ್ಮಂಥವರಿಗೆ ಅರ್ಧ ಆಲ್ಬಮ್ ಅಂದ್ರೆ ಕವರೇ."

ವಿಭಕ್ಕ ಕುಡಿಯಲು ನೀರು ಕೇಳಿ ಅಡುಗೆಮನೆಗೆ ಹೋದರು. "ಗ್ರೈಂಡರ್ ಎಲ್ಲಿ ಮೈಥಿಲಿ? ಭಾನುವಾರ ನಿಮ್ಮನೇಲಿ ಹಿಟ್ಟು ರುಬ್ಬೋ ಸದ್ದು ನಮ್ಮನೇವರೆಗೂ ಕೇಳ್ತಿತ್ತು."

"ಇವರೇ ನಿನ್ನೆ ಸ್ಟೋರ್‌ಗೆ ಹೊತ್ಕೊಂಡೋದ್ರು. ಇಲ್ಲಿ ಜಾಗ ಸಾಲಲ್ವಂತೆ. ಜನ್ಮದಲ್ಲಿ ಒಂದು ಲೋಟ ಎತ್ತಿಟ್ಟೋರಲ್ಲ!"

ವಿಭಕ್ಕ ನೀರು ಕುಡಿಯದೆ ಲೋಟ ಕೆಳಗಿಟ್ಟರು. ಸಂಜೆ ಎಲ್ಲರೂ ಇರಬೇಕೆಂದು ಹೇಳಿ ಹೊರಟರು.

ಮೆಟ್ಟಿಲಲ್ಲಿ ಕುಳಿತು ನನ್ನ ಕಡೆ ತಿರುಗಿದರು. "ಪ್ರಶಾಂತ, ನಮ್ಮೂರಲ್ಲಿ ಕರು ಸತ್ರೆ ಅದರ ಚರ್ಮದೊಳಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸ್ತಿದ್ರು. ಅದು ನೆಕ್ಕಿ ನೆಕ್ಕಿ ಹಾಲು ಬಿಡೋದು. ಒಂದ್ಸಲ ಹೊಲಿಗೆ ಬಿಚ್ಚಿ ಹುಲ್ಲು ಈಚೆ ಬಂತು. ಹಸು ಮೂಸಿ ನೋಡ್ತು, ಆಮೇಲೆ ಮೇವೇ ಮುಟ್ಟಲಿಲ್ಲ."

"ಹಾಗಾದ್ರೆ ಹೇಳೋದು ಬೇಡ ವಿಭಕ್ಕ."

"ಆಗ ಡೇವಿಡ್ ಕಳ್ಳನಾಗೇ ಉಳೀತಾನಲ್ಲೋ."

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ವಿಭಕ್ಕ ಲಕ್ಷ್ಮೀಶರ ಕಡೆ ತಿರುಗಿ, "ನೀವೇ ಹೇಳ್ತೀರಾ?" ಎಂದರು. ಲಕ್ಷ್ಮೀಶ ಎದ್ದು ಕಿಟಕಿಯ ಪರದೆ ಎಳೆದರು.

"ಸರಿ. ತಟ್ಟೆಯನ್ನ ಯಾರೂ ಕದ್ದಿಲ್ಲ," ಎಂದು ವಿಭಕ್ಕ ಶುರುಮಾಡಿದರು. "ಡೆಂಜಿಲ್ ಒಯ್ಯೋದಾದ್ರೆ ಕವರ್ ಬಿಡ್ತಿರಲಿಲ್ಲ. ಡೇವಿಡ್‌ಗೆ ಅಸಹ್ಯ ಇದ್ದದ್ದೂ ಆ ಕವರಿನ ಚಿತ್ರದ ಮೇಲೇ. ಸುಡೋನು ಅದನ್ನೇ ಮೊದಲು ಸುಡ್ತಿದ್ದ. ಆಗ ಗೂಡು ನೋಡ್ದೆ. ಮೇಲಿನ ಹಲಗೆ ಅಡೀಲಿ ಹೊಸ ಮಸಿ. ಅಖಂಡ ದೀಪದ ದಪ್ಪ ಬತ್ತಿಯ ಉರಿ ನೇರ ಅದಕ್ಕೇ ತಾಗಿದೆ. ಈ ಚಳೀಲಿ ಆ ಕೋಣೇಲಿ ಬೇರೆ ಬಿಸಿ ಇಲ್ಲ. ಎಲ್‌ಪಿ ಅಂದ್ರೆ ಪ್ಲಾಸ್ಟಿಕ್ಕು. ಕಾದ ಹಲಗೆ ಮೇಲೆ ರಾತ್ರಿಯಿಡೀ ಇದ್ರೆ ಏನಾಗತ್ತೆ ಅಂತ ನಂಗೆ ಗೊತ್ತು. ಅದನ್ನ ಮೊದಲು ನೋಡಿದೋರು ಅವತ್ತೇ ಎಣ್ಣೆ ದೀಪ ತೆಗೆದ್ರು. ಲೋಟ ಎತ್ತದೋರು ಕಲ್ಲಿನ ಗ್ರೈಂಡರ್ ಹೊತ್ರು. ಯಾತಕ್ಕೆ? ಭಾರಕ್ಕೆ. ಪ್ರಶಾಂತ, ತಗೊಂಡು ಬಾ."

ಸ್ಟೋರಿನಲ್ಲಿ ಗ್ರೈಂಡರಿನ ಅಡಿ ಎರಡು ಸ್ಟೀಲ್ ಪರಾತಗಳಿದ್ದವು. ಅವುಗಳ ನಡುವೆ, ಹಳೆಯ ಪಂಚೆಯಲ್ಲಿ ಸುತ್ತಿದ ಕಪ್ಪು ತಟ್ಟೆ ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಅದರ ನಡುವಿನ ಕುಂಕುಮ ಇನ್ನೂ ಇತ್ತು.

"ಒತ್ತಿಟ್ರೆ ನೆಟ್ಟಗಾಗತ್ತೆ ಅಂದ್ಕೊಂಡೆ," ಎಂದರು ಲಕ್ಷ್ಮೀಶ. "ಎಲ್ಲೋ ಸಿಕ್ತು ಅಂತ ಮತ್ತೆ ಇಡೋಣ ಅಂತಿದ್ದೆ. ನಿನ್ನ ಕೈಯಿಂದಲೇ ಹೀಗಾಯ್ತು ಅಂತ ನಿಂಗೆ ಹೇಗೆ ಹೇಳ್ಲಿ, ಮೈಥಿಲಿ?"

ಮೈಥಿಲಿ ಅಳಲಿಲ್ಲ. "ನಾನೇ ಬತ್ತಿ ದಪ್ಪಕ್ಕೆ ಹೊಸೆದೆ," ಎಂದರು. "ಮಧ್ಯೆ ಆರಿಹೋದ್ರೆ ಅಂತ." ಆಮೇಲೆ ಎದ್ದು ಡೇವಿಡ್‌ನ ಮುಂದೆ ಹೋಗಿ ಕೈಮುಗಿದರು. "ಸಮಹಾನಿ, ಡೇವಿಡ್. ತಪ್ಪಾಯ್ತು."

"ಪೋಲೆ, ಮಾಮಾ," ಎಂದು ಸಮಾಧಾನ ಹೇಳುತ್ತ ಡೇವಿಡ್ ಅವರ ಕೈಗಳನ್ನು ಹಿಡಿದುಕೊಂಡ. "ಮಗ ಹೋದವರು ಯಾರನ್ನಾದರೂ ಅನುಮಾನಿಸುತ್ತಾರೆ. ಅದು ನನಗೆ ಅರ್ಥವಾಗುತ್ತೆ. ಆದರೆ ಬಾಸ್‌ಗೆ ಗೊತ್ತಿತ್ತು. ಎರಡು ದಿನ ನನ್ನ ಎದುರಿಗೇ ಟೀ ಕುಡಿದರು." ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದ. ಲಕ್ಷ್ಮೀಶ ಬಾಗಿಲವರೆಗೆ ಹೋದರು. ಮತ್ತೆ ಒಳಗೆ ಬಂದರು.

"ಹಾಕು, ಡೆಂಜಿಲ್," ಎಂದರು ಮೈಥಿಲಿ.

"ಬೇಡ ಆಂಟಿ. ಪ್ಲೀಸ್."

"ಎರಡನೇ ಬದಿ."

ಡೆಂಜಿಲ್ ಅನುರಾಗನ ರೆಕಾರ್ಡ್ ಪ್ಲೇಯರಿನ ಮೇಲೆ ತಟ್ಟೆಯನ್ನಿಟ್ಟು ಮುಳ್ಳನ್ನು ಇಳಿಸಿದ. ಮುಳ್ಳು ಏರಿತು, ಬಿತ್ತು, ಹಾರಿತು. ಯಾರದೋ ಅರಚು, ತುಂಡು ತುಂಡಾದ ಎರಡು ಪೆಟ್ಟು, ಆಮೇಲೆ ಜರ್ರನೆ ಜಾರಿ ನಡುವಿನ ಕುಂಕುಮಕ್ಕೆ ಬಂದು ನಿಂತಿತು.

ಮೈಥಿಲಿ ಕಿವಿಗೊಟ್ಟು ಬಗ್ಗಿಯೇ ಇದ್ದರು. "ವಿಷಲ್ ದಾಟಿ ಹೋಯ್ತಾ?"

"ಹೋಯ್ತು ಆಂಟಿ."

"ಇನ್ನೊಂದ್ಸಲ ಹಾಕಪ್ಪ."